ಗಿರಕಿ ಹೊಡೆದ ಎಲೆಕ್ಟ್ರಾನು

1911ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯಕ್ಕೆ ಇಪ್ಪತ್ತೈದರ ತರುಣನೊಬ್ಬ ಡಾಕ್ಟರೇಟ್ ಪ್ರಬಂಧ ಒಪ್ಪಿಸಿದ. ಲೋಹಗಳೊಳಗೆ ಎಲೆಕ್ಟ್ರಾನುಗಳು ಹೇಗೆ ಓಡಾಡುತ್ತವೆ ಎಂಬುದು ವಿಷಯ. ಬರೆದದ್ದು ಡೇನಿಷ್ ಭಾಷೆಯಲ್ಲಿ. ಹಾಗಾಗಿ ಹೊರದೇಶಗಳಲ್ಲಿ ಅದನ್ನು ಓದಿದವರು ಕಡಿಮೆ. ಅದರ ನಡುವೆ ಒಂದು ಕಡೆ ನೀಲ್ಸ್ ಬೋರ್ ಲೆಕ್ಕ ಹಾಕಿ ತೋರಿಸಿದ್ದು ಇಷ್ಟು: ನ್ಯೂಟನ್ನನ ಚಲನಶಾಸ್ತ್ರವನ್ನೂ ಮ್ಯಾಕ್ಸ್‌ವೆಲ್ಲನ ವಿದ್ಯುತ್ಕಾಂತ ಸಿದ್ಧಾಂತವನ್ನೂ ಚಾಚೂ ತಪ್ಪದೆ ಅನ್ವಯಿಸಿದರೆ, ಬಿಸಿ ಸಮವಾಗಿ ಹರಡಿ ನೆಲೆಗೊಂಡ ಯಾವ ವಸ್ತುವಿಗೂ ಕಾಂತತ್ವ ಇರಲಾರದು. ಕಡಿಮೆ ಇರುತ್ತದೆ ಅಂತಲ್ಲ, ಸೊನ್ನೆ.

ಎಂಟು ವರ್ಷಗಳ ನಂತರ ಹಾಲೆಂಡಿನ ಲೈಡನ್ನಿನಲ್ಲಿ ಲೊರೆಂಟ್ಸ್‌ನ ಶಿಷ್ಯೆ ಹೆಂಡ್ರಿಕಾ ಯೋಹಾನಾ ಫಾನ್ ಲೇವನ್ ತನ್ನದೇ ದಾರಿಯಲ್ಲಿ ಹೋಗಿ ಅದೇ ತೀರ್ಮಾನಕ್ಕೆ ಬಂದಳು. ತರ್ಕ ಕಷ್ಟದ್ದೇನಲ್ಲ. ಕಾಂತಕ್ಷೇತ್ರ ಓಡುವ ಎಲೆಕ್ಟ್ರಾನನ್ನು ಪಕ್ಕಕ್ಕೆ ತಳ್ಳುತ್ತದೆಯೇ ಹೊರತು ಅದರ ವೇಗವನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ. ಶಕ್ತಿ ಬದಲಾಗದ ಮೇಲೆ, ಶಕ್ತಿಯ ಲೆಕ್ಕದ ಮೇಲೆಯೇ ನಿಂತಿರುವ ಉಷ್ಣಶಾಸ್ತ್ರಕ್ಕೆ ಅಲ್ಲಿ ಕಾಂತಕ್ಷೇತ್ರ ಇದೆ ಎಂಬುದೇ ಗೊತ್ತಾಗುವುದಿಲ್ಲ. ವಸ್ತುವಿನ ಒಳಗೆ ಒಂದು ದಿಕ್ಕಿಗೆ ಸುತ್ತುವ ಎಲೆಕ್ಟ್ರಾನುಗಳು ಹುಟ್ಟಿಸಿದ ಕಾಂತತ್ವವನ್ನು, ಅಂಚಿಗೆ ಬಡಿದು ಬಡಿದು ಎದುರು ದಿಕ್ಕಿಗೆ ಸರಿಯುವ ಎಲೆಕ್ಟ್ರಾನುಗಳು ಪೂರ್ತಿ ಅಳಿಸಿಹಾಕುತ್ತವೆ.

ಹಡಗಿನವರು ನೂರಾರು ವರ್ಷಗಳಿಂದ ನಂಬಿ ನಡೆದ ದಿಕ್ಸೂಚಿಯ ಮುಳ್ಳು ಹಾಗಾದರೆ ಏನು? ಅಂದಿನ ಭೌತಶಾಸ್ತ್ರದ ಬಳಿ ಉತ್ತರ ಇರಲಿಲ್ಲ. ಇದ್ದದ್ದು ಒಂದು ಹಳೆಯ ಊಹೆ. 1820ರಲ್ಲಿ ಕೋಪನ್‌ಹೇಗನ್ನಿನಲ್ಲೇ ಏರ್ಸ್ಟೆಡ್, ತಂತಿಯಲ್ಲಿ ವಿದ್ಯುತ್ ಹರಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಕಂಡಿದ್ದ. ಸುದ್ದಿ ಪ್ಯಾರಿಸ್ಸಿಗೆ ಮುಟ್ಟಿದ್ದೇ ತಡ, ಆಂಪಿಯರ್ ಒಂದು ದೊಡ್ಡ ಹೆಜ್ಜೆ ಇಟ್ಟ: ಕಬ್ಬಿಣದ ಕಣಕಣದಲ್ಲೂ ಪುಟ್ಟ ವಿದ್ಯುತ್ ಸುರುಳಿಗಳು ನಿಲ್ಲದೆ ಸುತ್ತುತ್ತಿರುತ್ತವೆ, ಅವೆಲ್ಲ ಒಂದೇ ಕಡೆ ಮುಖ ಮಾಡಿದಾಗ ಕಬ್ಬಿಣ ಅಯಸ್ಕಾಂತವಾಗುತ್ತದೆ. ಚೆಂದದ ಊಹೆ. ಆದರೆ ಒಂದೇ ಕಡೆ ಮುಖ ಮಾಡಲು ಅವಕ್ಕೆ ಹೇಳುವವರು ಯಾರು? 1907ರಲ್ಲಿ ಪಿಯರ್ ವೀಸ್, ಕಬ್ಬಿಣದೊಳಗೆ ಯಾವುದೋ ಭಾರಿ ಕ್ಷೇತ್ರ ಇದ್ದು ಅದು ಅಣುಗಳನ್ನು ಸಾಲಾಗಿ ನಿಲ್ಲಿಸುತ್ತದೆ ಎಂದ. ಆ ಕ್ಷೇತ್ರ ಎಲ್ಲಿಂದ ಬಂತು ಎಂದು ಮಾತ್ರ ಹೇಳಲಾಗಲಿಲ್ಲ. ಕಬ್ಬಿಣ ತನ್ನ ಕಾಂತತ್ವವನ್ನು ಕಳೆದುಕೊಳ್ಳುವುದು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪಕ್ಕಪಕ್ಕದ ಪರಮಾಣುಗಳು ಬರೀ ಕಾಂತಬಲದಿಂದ ಒಂದನ್ನೊಂದು ಹಿಡಿದುಕೊಂಡಿದ್ದರೆ, ನಿರಪೇಕ್ಷ ಸೊನ್ನೆಯಿಂದ ಒಂದು ಡಿಗ್ರಿ ಮೇಲೇರುವಷ್ಟರಲ್ಲಿ ಆ ಸಾಲು ಚದುರಿ ಹೋಗಬೇಕು. ಎಲ್ಲಿಯ 770, ಎಲ್ಲಿಯ ಮೈನಸ್ 272!

ಈ ಗಂಟು ಬಿಡಿಸಲು ಬೋರ್‌ನ ಪ್ರಬಂಧದಿಂದ ಮುಂದೆ ಹದಿನೇಳು ವರ್ಷ ಹಿಡಿಯಿತು. ಆ ಹದಿನೇಳು ವರ್ಷಗಳ ಚರಿತ್ರೆಯಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವುದು, ಸರಿಯಾದ ಉತ್ತರ ಎಷ್ಟು ಸಲ ತಾನಾಗಿ ಬಂದು ಬಾಗಿಲು ತಟ್ಟಿತು, ಎಷ್ಟು ಸಲ ಅದನ್ನು ಬೇರೆ ಯಾರೋ ಎಂದುಕೊಂಡು ಒಳಗೆ ಕೂರಿಸಿದರು ಅಥವಾ ಹೊರಗಟ್ಟಿದರು ಎಂಬುದು.

ಮೊದಲ ಸರದಿ ಐನ್‌ಸ್ಟೈನನದು. 1915, ಬರ್ಲಿನ್, ಮೊದಲ ಮಹಾಯುದ್ಧದ ನಡುವೆ. ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಇನ್ನೂ ಪೂರ್ತಿ ಕೈಗೆ ಸಿಕ್ಕಿರಲಿಲ್ಲ. ಆ ಹೊತ್ತಿನಲ್ಲಿ ಅವನು ಲೊರೆಂಟ್ಸ್‌ನ ಅಳಿಯ ಡಿ ಹಾಸ್ ಜೊತೆ ಸೇರಿ ಸರ್ಕಾರಿ ಪ್ರಯೋಗಾಲಯದಲ್ಲಿ ಒಂದು ಕಬ್ಬಿಣದ ಕಡ್ಡಿಯನ್ನು ಸಣ್ಣ ಎಳೆಯಿಂದ ತೂಗುಹಾಕಿ, ಸುತ್ತ ತಂತಿಯ ಸುರುಳಿ ಇಟ್ಟು, ವಿದ್ಯುತ್ತನ್ನು ಹಿಂದುಮುಂದು ಹರಿಸುತ್ತಿದ್ದ. ಆಂಪಿಯರನ ಸುರುಳಿಗಳು ನಿಜಕ್ಕೂ ಸುತ್ತುವ ಎಲೆಕ್ಟ್ರಾನುಗಳೇ ಆಗಿದ್ದರೆ, ಕಾಂತತ್ವವನ್ನು ತಿರುಗುಮುರುಗು ಮಾಡಿದಾಗ ಅವುಗಳ ಸುತ್ತಾಟವೂ ತಿರುವುಮುರುವಾಗಬೇಕು. ಒಳಗಿನದು ಹೀಗೆ ತಿರುಗಿದರೆ ಕಡ್ಡಿ ಹಾಗೆ ತಿರುಗಿ ಲೆಕ್ಕ ಸರಿದೂಗಿಸಬೇಕು. ಕಡ್ಡಿ ತಿರುಗಿಯೇ ತಿರುಗಿತು. ಕಾಂತತ್ವವೆಂದರೆ ಒಳಗಿನ ಯಾವುದೋ ತಿರುಗಾಟ ಎಂಬುದು ಕಣ್ಣಿಗೇ ಕಂಡಂತಾಯಿತು.

ತೊಡಕು ಬಂದದ್ದು ಅಳತೆಯಲ್ಲಿ. ಕಕ್ಷೆಯಲ್ಲಿ ಸುತ್ತುವ ಎಲೆಕ್ಟ್ರಾನಿಗೆ ಒಂದು ಅನುಪಾತ ಇರುತ್ತದೆ: ಇಷ್ಟು ಸುತ್ತಿದರೆ ಇಷ್ಟು ಕಾಂತತ್ವ. ಆ ಅನುಪಾತ 1 ಬರಬೇಕೆಂದು ಐನ್‌ಸ್ಟೈನ್ ಕಾದಿದ್ದ. ಪ್ರಕಟಿಸಿದ್ದು 1.02. ಡಿ ಹಾಸ್ ಮುಂದೆ ಹೇಳಿದ ಪ್ರಕಾರ ಎರಡು ಅಳತೆಗಳು ಸಿಕ್ಕಿದ್ದವು, ಒಂದು 1.02, ಇನ್ನೊಂದು 1.45, ಎರಡನೆಯದನ್ನು ಪ್ರಯೋಗದ ದೋಷವೆಂದು ಬದಿಗಿಟ್ಟರು. ಬೇರೆಯವರು ಎಚ್ಚರದಿಂದ ಅಳೆಯತೊಡಗಿದಾಗ ಸಿಕ್ಕಿದ್ದು 2ರ ಆಸುಪಾಸು. ಅಂದರೆ ಕಬ್ಬಿಣದ ಕಾಂತತ್ವ ಹುಟ್ಟುವುದು ಕಕ್ಷೆಯ ಸುತ್ತಾಟದಿಂದಲ್ಲ, ಅದರ ಎರಡರಷ್ಟು ಕಾಂತತ್ವ ಕೊಡುವ ಮತ್ತೇನೋ ಒಂದರಿಂದ. ಐನ್‌ಸ್ಟೈನನಂಥವನಿಗೂ ತಾನು ನಿರೀಕ್ಷಿಸಿದ ಅಂಕಿಯೇ ಕಣ್ಣಿಗೆ ಬಿತ್ತು ಎನ್ನುವುದು ಅವನನ್ನು ಸಣ್ಣವನಾಗಿಸುವುದಿಲ್ಲ. ಆದರೆ ಆ 1.45ರ ಬೆನ್ನು ಹತ್ತಿದ್ದರೆ ಎಲೆಕ್ಟ್ರಾನಿನ ಕಥೆ ಹತ್ತು ವರ್ಷ ಮೊದಲೇ ಶುರುವಾಗುತ್ತಿತ್ತೇನೋ.

ಎರಡನೆಯ ಸಲ ಬಾಗಿಲು ಬಡಿದದ್ದು ಫ್ರಾಂಕ್‌ಫರ್ಟಿನಲ್ಲಿ. ಅಲ್ಲಿ ಮ್ಯಾಕ್ಸ್ ಬಾರ್ನ್‌ನ ಸಹಾಯಕನಾಗಿದ್ದ ಓಟೋ ಸ್ಟರ್ನ್‌ಗೆ ಬೋರ್‌ನ ಪರಮಾಣು ಮಾದರಿ ಮೊದಲಿನಿಂದಲೂ ಗಂಟಲಲ್ಲಿ ಇಳಿದಿರಲಿಲ್ಲ. ಈ ಹುಚ್ಚಾಟ ನಿಜವಾದರೆ ಭೌತಶಾಸ್ತ್ರವನ್ನೇ ಬಿಟ್ಟುಬಿಡುತ್ತೇನೆ ಎಂದು ಜೂರಿಕ್‌ನಲ್ಲಿದ್ದಾಗ ಗೆಳೆಯ ಫಾನ್ ಲಾವೆ ಜೊತೆ ಶಪಥ ಮಾಡಿದ್ದನಂತೆ. ಕಾಂತಕ್ಷೇತ್ರದಲ್ಲಿ ಪರಮಾಣುಗಳು ಮನಬಂದ ದಿಕ್ಕಿಗೆ ವಾಲಲಾರವು, ಗೊತ್ತುಮಾಡಿದ ಕೆಲವೇ ದಿಕ್ಕುಗಳಿಗೆ ಮಾತ್ರ ನಿಲ್ಲಬಲ್ಲವು ಎಂದು ಬೋರ್ ಮತ್ತು ಸೋಮರ್‌ಫೆಲ್ಡ್ ಹೇಳುತ್ತಿದ್ದರು. ಪರೀಕ್ಷಿಸಿಯೇ ಬಿಡೋಣ ಎಂದು ಸ್ಟರ್ನ್ ಯೋಜನೆ ಹಾಕಿದ. ಕೈಚಳಕದ ವಾಲ್ಟರ್ ಗೆರ್ಲಾಕ್ ಜೊತೆಗೂಡಿದ. ಬೆಳ್ಳಿಯನ್ನು ಸುಮಾರು 1000 ಡಿಗ್ರಿಗೆ ಕಾಯಿಸಿ, ಹೊಮ್ಮಿದ ಪರಮಾಣುಗಳನ್ನು ಕೂದಲೆಳೆಗಿಂತ ಸಪೂರವಾದ ಸೀಳಿನಿಂದ ಹಾಯಿಸಿ, ಒಂದು ಕಡೆ ಮೊನಚು ಇನ್ನೊಂದು ಕಡೆ ತೋಡು ಇರುವ ಅಯಸ್ಕಾಂತದ ನಡುವೆ ಕಳಿಸಿ, ಗಾಜಿನ ತಟ್ಟೆಯ ಮೇಲೆ ಬೀಳಿಸುವುದು. ಹಳೆಯ ಭೌತಶಾಸ್ತ್ರ ಸರಿಯಾಗಿದ್ದರೆ ತಟ್ಟೆಯ ಮೇಲೆ ಒಂದೇ ಹರಡಿದ ಮಚ್ಚೆ. ಬೋರ್ ಸರಿಯಾಗಿದ್ದರೆ ಎರಡು ಗೆರೆ.

ದುಡ್ಡಿಗೆ ಬರಗಾಲ. ಯುದ್ಧ ಸೋತ ಜರ್ಮನಿಯಲ್ಲಿ ಮಾರ್ಕಿನ ಬೆಲೆ ದಿನೇದಿನೇ ಕುಸಿಯುತ್ತಿತ್ತು. ಬಾರ್ನ್ ಸಾಪೇಕ್ಷತಾ ಸಿದ್ಧಾಂತದ ಬಗ್ಗೆ ಊರಿನ ಜನರಿಗೆ ಟಿಕೆಟ್ ಇಟ್ಟು ಉಪನ್ಯಾಸ ಮಾಡಿದ. ಐನ್‌ಸ್ಟೈನನ ಹೆಸರಿಗೆ ಅಂದು ಜನ ಮುಗಿಬೀಳುತ್ತಿದ್ದರು. ಆ ಹಣವೂ ತೀರಿದಾಗ ನ್ಯೂಯಾರ್ಕಿನ ಬ್ಯಾಂಕರ್ ಹೆನ್ರಿ ಗೋಲ್ಡ್‌ಮನ್ ಕೆಲವು ನೂರು ಡಾಲರಿನ ಚೆಕ್ಕು ಕಳಿಸಿ ಪ್ರಯೋಗವನ್ನು ಉಳಿಸಿದ. ತಟ್ಟೆಯ ಮೇಲೆ ಮೊದಮೊದಲು ಏನೂ ಕಾಣದೆ ನಿರಾಶರಾಗಿದ್ದಾಗ, ತನ್ನ ಅಗ್ಗದ ಚುಟ್ಟಾದ ಹೊಗೆಯಲ್ಲಿದ್ದ ಗಂಧಕ ತಾಗಿ ಬೆಳ್ಳಿ ಕಪ್ಪಾಯಿತು, ಗೆರೆ ಮೂಡಿತು ಎಂದು ಸ್ಟರ್ನ್ ಮುದಿವಯಸ್ಸಿನಲ್ಲಿ ನೆನೆಯುತ್ತಿದ್ದ. ಒಳ್ಳೆಯ ಸಂಬಳವಿದ್ದಿದ್ದರೆ ಒಳ್ಳೆಯ ಚುಟ್ಟಾ ಸೇದುತ್ತಿದ್ದೆ, ಆಗ ಗಂಧಕ ಇರುತ್ತಿರಲಿಲ್ಲ ಎಂಬುದು ಅವನ ವಾದ.

1922ರ ಫೆಬ್ರವರಿ ಹೊತ್ತಿಗೆ ಸಂದೇಹ ಉಳಿಯಲಿಲ್ಲ. ಎರಡು ಗೆರೆ, ನಡುವೆ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಅಂತರ. ಆ ವೇಳೆಗೆ ಸ್ಟರ್ನ್ ಪ್ರಾಧ್ಯಾಪಕನಾಗಿ ರಾಸ್ಟಾಕ್‌ಗೆ ಹೋಗಿದ್ದ. ಬೋರ್ ಗೆದ್ದ ಎಂಬ ತಂತಿ ಅವನಿಗೆ ತಲುಪಿತು. ಗೆರ್ಲಾಕ್ 8ನೇ ತಾರೀಖಿನಂದು ಚಿತ್ರವನ್ನು ಅಂಚೆಕಾರ್ಡಿಗೆ ಹಚ್ಚಿ, ನಿಮ್ಮ ಸಿದ್ಧಾಂತ ಖಚಿತವಾಯಿತು ಎಂದು ಬೋರ್‌ಗೆ ಅಭಿನಂದನೆ ಬರೆದ. ಸ್ಟರ್ನ್ ಶಪಥ ಮರೆತ, ಭೌತಶಾಸ್ತ್ರ ಬಿಡಲಿಲ್ಲ.

ಈ ಸಂಭ್ರಮದಲ್ಲಿ ಭಾಗಿಗಳಾದ ಯಾರಿಗೂ ತಟ್ಟೆಯ ಮೇಲೆ ಇದ್ದದ್ದು ಏನೆಂದು ಗೊತ್ತಿರಲಿಲ್ಲ. ಬೆಳ್ಳಿಯ ಹೊರಗಿನ ಒಂಟಿ ಎಲೆಕ್ಟ್ರಾನಿಗೆ ಕಕ್ಷೆಯ ಸುತ್ತಾಟದ ಸಂವೇಗವೇ ಇಲ್ಲ, ಅದು ಸೊನ್ನೆ. ಕಕ್ಷೆಯಿಂದ ಗೆರೆ ಸೀಳುವಂತಿದ್ದರೆ ಒಂದೇ ಗೆರೆ ಬರಬೇಕಿತ್ತು. ಬಂದ ಎರಡು ಗೆರೆಗಳು ಎಲೆಕ್ಟ್ರಾನಿನ ಸ್ವಂತ ಗಿರಕಿಯ ಗುರುತು. ಗಿರಕಿ ಎಂಬ ಮಾತೇ ಹುಟ್ಟುವ ಮೂರು ವರ್ಷ ಮೊದಲು ಅದರ ಚಿತ್ರ ತೆಗೆದು, ಇನ್ನೊಬ್ಬರ ವಿಳಾಸಕ್ಕೆ ಅಂಚೆಗೆ ಹಾಕಿಬಿಟ್ಟಿದ್ದರು. ತಪ್ಪು ತಿದ್ದಿದ್ದು 1927ರ ಸುಮಾರಿಗೆ.

ಉತ್ತರ ನಿಜವಾಗಿ ಸಿಕ್ಕಿದ್ದು ಬೆಳಕಿನ ರೋಹಿತ ಓದುವವರಿಗೆ. 1896ರಲ್ಲಿ ಲೈಡನ್ನಿನ ಝೀಮನ್, ಕಾಂತಕ್ಷೇತ್ರದಲ್ಲಿಟ್ಟ ಸೋಡಿಯಂ ಜ್ವಾಲೆಯ ಬೆಳಕಿನ ಗೆರೆಗಳು ಅಗಲವಾಗುವುದನ್ನು ಕಂಡಿದ್ದ. ಒಂದು ಗೆರೆ ಮೂರಾಗಿ ಒಡೆಯಬೇಕೆಂದು ಲೊರೆಂಟ್ಸ್‌ನ ಲೆಕ್ಕ ಹೇಳಿತು. ಎಚ್ಚರದಿಂದ ನೋಡಿದರೆ ಸೋಡಿಯಂನ ಜೋಡಿಗೆರೆಗಳಲ್ಲಿ ಒಂದು ನಾಲ್ಕಾಗಿ, ಇನ್ನೊಂದು ಆರಾಗಿ ಒಡೆಯುತ್ತಿತ್ತು! ಈ ಒಗಟು ಕಾಲು ಶತಮಾನ ಜಗ್ಗಲಿಲ್ಲ. ಕೋಪನ್‌ಹೇಗನ್ನಿನ ಬೀದಿಯಲ್ಲಿ ಸಪ್ಪೆ ಮುಖ ಹೊತ್ತು ತಿರುಗುತ್ತಿದ್ದ ವುಲ್ಫ್‌ಗಾಂಗ್ ಪೌಲಿಯನ್ನು ಪರಿಚಯದವರೊಬ್ಬರು ಏನಾಯಿತೆಂದು ಕೇಳಿದಾಗ, ಈ ಗೆರೆಗಳ ಬಗ್ಗೆ ಯೋಚಿಸುತ್ತಿರುವವನು ನಗುವುದಾದರೂ ಹೇಗೆ ಎಂದನಂತೆ. ಕೊನೆಗೆ 1924–25ರ ಚಳಿಗಾಲದಲ್ಲಿ ಪೌಲಿಯೇ ದಾರಿ ತೆಗೆದ: ಪರಮಾಣುವಿನ ಪ್ರತಿ ಎಲೆಕ್ಟ್ರಾನಿಗೆ ಮೂರಲ್ಲ, ನಾಲ್ಕು ಕ್ವಾಂಟಂ ಸಂಖ್ಯೆಗಳು ಬೇಕು, ನಾಲ್ಕನೆಯದಕ್ಕೆ ಎರಡೇ ಬೆಲೆ, ನಾಲ್ಕೂ ಸಂಖ್ಯೆ ಒಂದೇ ಆಗಿರುವ ಎರಡು ಎಲೆಕ್ಟ್ರಾನುಗಳು ಒಂದು ಪರಮಾಣುವಿನಲ್ಲಿ ಇರಲಾರವು. ಆ ನಾಲ್ಕನೆಯದು ಏನು ಎಂದು ಕೇಳಬೇಡಿ, ಅದಕ್ಕೆ ಚಿತ್ರ ಕೊಡಲಾಗದು ಎಂಬುದು ಅವನ ಹಟ.

1925ರ ಜನವರಿಯಲ್ಲಿ ಟ್ಯೂಬಿಂಗನ್ನಿಗೆ ಬಂದಿದ್ದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಲ್ಫ್ ಕ್ರೋನಿಗ್‌ಗೆ ಆಗ ಇಪ್ಪತ್ತು. ಆ ನಾಲ್ಕನೇ ಸಂಖ್ಯೆಯ ಬಗ್ಗೆ ಪೌಲಿ ಬರೆದಿದ್ದ ಪತ್ರವನ್ನು ಅಲ್ಲಿ ಓದಿದ ದಿನವೇ ಅವನಿಗೆ ಹೊಳೆಯಿತು: ಎಲೆಕ್ಟ್ರಾನು ಬುಗುರಿಯಂತೆ ತನ್ನ ಸುತ್ತಲೇ ತಿರುಗುತ್ತಿದ್ದರೆ? ವಿದ್ಯುತ್ತಿನ ಉಂಡೆ ತಿರುಗಿದರೆ ಅದೇ ಒಂದು ಪುಟ್ಟ ಅಯಸ್ಕಾಂತ. ಬಲಕ್ಕೊಂದು, ಎಡಕ್ಕೊಂದು, ಎರಡೇ ಬೆಲೆ. ಮರುದಿನ ಊರಿಗೆ ಪೌಲಿಯೇ ಬಂದ. ಕ್ರೋನಿಗ್ ಹೇಳಿದ್ದನ್ನು ಕೇಳಿ, ಜಾಣತನದ ಕಲ್ಪನೆಯೇನೋ ಹೌದು, ಪ್ರಕೃತಿಗೂ ಇದಕ್ಕೂ ಸಂಬಂಧವಿಲ್ಲ ಎಂಬರ್ಥದಲ್ಲಿ ತಳ್ಳಿಹಾಕಿದ. ಕೋಪನ್‌ಹೇಗನ್ನಿನಲ್ಲೂ ಯಾರೂ ಸೊಪ್ಪು ಹಾಕಲಿಲ್ಲ. ಕ್ರೋನಿಗ್ ಪ್ರಕಟಿಸದೆ ಕೈಬಿಟ್ಟ.

ಅದೇ ವರ್ಷ ಬೇಸಿಗೆಯಲ್ಲಿ ಲೈಡನ್ನಿನ ಪಾಲ್ ಎರೆನ್‌ಫೆಸ್ಟ್ ತನ್ನ ಇಬ್ಬರು ಶಿಷ್ಯರನ್ನು ಜೋಡಿ ಮಾಡಿದ. ಜಾರ್ಜ್ ಉಲೆನ್‌ಬೆಕ್ ಜಾವಾ ದ್ವೀಪದ ಬಟಾವಿಯಾದಲ್ಲಿ ಹುಟ್ಟಿದವನು. ರೋಮ್‌ನಲ್ಲಿ ಡಚ್ ರಾಯಭಾರಿಯ ಮಗನಿಗೆ ಪಾಠ ಹೇಳಿಕೊಡುತ್ತ ಮೂರು ವರ್ಷ ಕಳೆದು, ಭೌತಶಾಸ್ತ್ರ ಬಿಟ್ಟು ಇತಿಹಾಸಕ್ಕೆ ಹೋಗಲೇ ಎಂದು ತೂಗಾಡುತ್ತಿದ್ದ. ಸ್ಯಾಮ್ ಗೌಡ್‌ಸ್ಮಿಟ್‌ಗೆ ಸಿದ್ಧಾಂತಕ್ಕಿಂತ ರೋಹಿತದ ಗೆರೆಗಳ ಪತ್ತೇದಾರಿಯೇ ಇಷ್ಟ. ಇವನು ಅವನಿಗೆ ಗೆರೆಗಳ ಪಾಠ ಹೇಳುತ್ತ ಪೌಲಿಯ ನಾಲ್ಕನೇ ಸಂಖ್ಯೆಗೆ ಬಂದಾಗ, ಸಂಖ್ಯೆ ನಾಲ್ಕಿದ್ದರೆ ಚಲನೆಯ ಬಗೆಯೂ ನಾಲ್ಕಿರಬೇಕಲ್ಲ, ಹಾಗಾದರೆ ಎಲೆಕ್ಟ್ರಾನು ಗಿರಕಿ ಹೊಡೆಯುತ್ತಿದೆ ಎಂದ ಉಲೆನ್‌ಬೆಕ್. ಕ್ರೋನಿಗ್‌ನ ಸುದ್ದಿ ಇಬ್ಬರಿಗೂ ಗೊತ್ತಿರಲಿಲ್ಲ. ಸಣ್ಣದೊಂದು ಟಿಪ್ಪಣಿ ಬರೆದು ಗುರುವಿನ ಕೈಗಿತ್ತರು.

ಉಲೆನ್‌ಬೆಕ್ ಹಿರಿಯ ಲೊರೆಂಟ್ಸ್‌ನನ್ನೂ ಕೇಳಿದ. ಕೆಲವು ದಿನಗಳಲ್ಲಿ ಲೊರೆಂಟ್ಸ್ ಮುದ್ದಾದ ಕೈಬರಹದ ಹಾಳೆಗಳ ಕಟ್ಟನ್ನೇ ತಂದುಕೊಟ್ಟ. ಅದರ ಪ್ರಕಾರ, ಬೇಕಾದಷ್ಟು ಕಾಂತತ್ವ ಹುಟ್ಟಬೇಕಾದರೆ ಎಲೆಕ್ಟ್ರಾನಿನ ಮೇಲ್ಮೈ ಬೆಳಕಿನ ಹತ್ತು ಪಟ್ಟು ವೇಗದಲ್ಲಿ ತಿರುಗಬೇಕು. ಬೆಳಕಿಗಿಂತ ವೇಗ ಯಾವುದಕ್ಕೂ ಇಲ್ಲ. ಹುಡುಗ ಬೆವೆತು ಎರೆನ್‌ಫೆಸ್ಟ್ ಬಳಿ ಓಡಿದ, ಟಿಪ್ಪಣಿ ವಾಪಸ್ ಕೊಡಿ ಎಂದ. ಅದನ್ನು ಕಳಿಸಿ ಎಷ್ಟೋ ದಿನವಾಯಿತು, ಒಂದು ದಡ್ಡತನ ಮಾಡಿಕೊಳ್ಳುವಷ್ಟು ಚಿಕ್ಕ ವಯಸ್ಸು ನಿಮ್ಮಿಬ್ಬರದೂ ಎಂದನಂತೆ ಗುರು. ಪೌಲಿಯಂಥ ಖಂಡಿತವಾದಿ ಕ್ರೋನಿಗ್‌ಗೆ ಎದುರಾದ, ಎರೆನ್‌ಫೆಸ್ಟ್‌ನಂಥ ಉದಾರಿ ಇವರಿಗೆ ಸಿಕ್ಕಿದ. ಪೌಲಿಯ ಆಕ್ಷೇಪ ತಪ್ಪೇನಲ್ಲ, ಲೊರೆಂಟ್ಸ್‌ನ ಲೆಕ್ಕವೂ ಸರಿಯೇ. ಆದರೂ ದಡ್ಡತನವೇ ನಿಜವಾಯಿತು. ಟಿಪ್ಪಣಿ 1925ರ ನವೆಂಬರಿನಲ್ಲಿ ಜರ್ಮನ್ ಪತ್ರಿಕೆಯಲ್ಲಿ ಅಚ್ಚಾಯಿತು.

ಮುಂದಿನ ಅಂಕ ನಡೆದದ್ದು ರೈಲ್ವೆ ನಿಲ್ದಾಣಗಳಲ್ಲಿ. ಡಿಸೆಂಬರಿನಲ್ಲಿ ಲೊರೆಂಟ್ಸ್ ಡಾಕ್ಟರೇಟ್ ಪಡೆದು ಐವತ್ತು ವರ್ಷ ತುಂಬಿದ ಸಮಾರಂಭಕ್ಕೆ ಬೋರ್ ಕೋಪನ್‌ಹೇಗನ್ನಿನಿಂದ ಲೈಡನ್ನಿಗೆ ಹೊರಟ. ಹ್ಯಾಂಬರ್ಗ್ ನಿಲ್ದಾಣದಲ್ಲಿ ಪೌಲಿ ಮತ್ತು ಸ್ಟರ್ನ್ ಕಾದು ನಿಂತಿದ್ದರು: ಗಿರಕಿಯ ಮಾತು ನಂಬಬೇಡ. ಸ್ವಾರಸ್ಯವಾಗಿದೆ ಎಂದ ಬೋರ್. ಅವನ ಬಾಯಲ್ಲಿ ಆ ಮಾತು ಬಂತೆಂದರೆ ತಪ್ಪು ಎಂದೇ ಅರ್ಥವೆಂದು ಹತ್ತಿರದವರು ಬಲ್ಲರು. ಅವನ ಸಂದೇಹ ನೇರವಾಗಿತ್ತು. ಗಿರಕಿ ಹೊಡೆಯುವ ಎಲೆಕ್ಟ್ರಾನು ಪುಟ್ಟ ಅಯಸ್ಕಾಂತ, ಸರಿ. ಅದನ್ನು ಅಲುಗಿಸಲು ಕಾಂತಕ್ಷೇತ್ರ ಬೇಕು. ಪರಮಾಣುವಿನೊಳಗೆ ನ್ಯೂಕ್ಲಿಯಸ್ ಹುಟ್ಟಿಸುವುದು ಬರೀ ವಿದ್ಯುತ್ ಕ್ಷೇತ್ರ. ಅಯಸ್ಕಾಂತಕ್ಕೆ ವಿದ್ಯುತ್ ಕ್ಷೇತ್ರ ಏನು ಮಾಡೀತು?

ಲೈಡನ್ ನಿಲ್ದಾಣದಲ್ಲಿ ಎರೆನ್‌ಫೆಸ್ಟ್ ಮತ್ತು ಐನ್‌ಸ್ಟೈನ್ ಎದುರುಗೊಂಡರು. ಬೋರ್ ಅದೇ ಪ್ರಶ್ನೆ ಇಟ್ಟ. ಐನ್‌ಸ್ಟೈನ್ ಅದನ್ನು ಬಿಡಿಸಿಯಾಗಿದೆ ಎಂದ ಎರೆನ್‌ಫೆಸ್ಟ್. ಎಲೆಕ್ಟ್ರಾನಿನ ಮೇಲೆ ಕೂತು ನೋಡಿದರೆ ಸುತ್ತುವುದು ತಾನಲ್ಲ, ನ್ಯೂಕ್ಲಿಯಸ್ಸು. ಸುತ್ತುವ ವಿದ್ಯುದಾವೇಶವೆಂದರೆ ವಿದ್ಯುತ್ ಪ್ರವಾಹ. ಪ್ರವಾಹವಿದ್ದಲ್ಲಿ ಕಾಂತಕ್ಷೇತ್ರ ಇದ್ದೇ ಇರುತ್ತದೆ, ಏರ್ಸ್ಟೆಡ್‌ನ ಕಾಲದಿಂದಲೂ. ನಿಂತು ನೋಡಿದವನಿಗೆ ವಿದ್ಯುತ್ತಾಗಿ ಕಂಡದ್ದು ಓಡುವವನಿಗೆ ಕಾಂತತ್ವವಾಗಿ ಕಾಣುತ್ತದೆ. ಬೋರ್ ಅಲ್ಲೇ ಒಪ್ಪಿದ. ಹಿಂದಿರುಗುವ ದಾರಿಯಲ್ಲಿ ಗಾಟಿಂಗನ್ನಿನಲ್ಲಿ ಹೈಸನ್‌ಬರ್ಗ್, ಬರ್ಲಿನ್ನಿನಲ್ಲಿ ಮತ್ತೆ ಪೌಲಿ. ಎಲ್ಲರಿಗೂ ಬೋರ್ ಈಗ ಗಿರಕಿಯ ಪ್ರಚಾರಕ. ಕೋಪನ್‌ಹೇಗನ್ನಿನ ಹೊಸ ಪಾಷಂಡವಾದ ಎಂದು ಪೌಲಿ ಗೊಣಗಿದ.

ಅವನ ಗೊಣಗಾಟಕ್ಕೆ ಕಾರಣವಿತ್ತು. ಗೆರೆಗಳ ನಡುವಿನ ಅಂತರ ಲೆಕ್ಕದಲ್ಲಿ ಎರಡು ಪಟ್ಟು ಹೆಚ್ಚು ಬರುತ್ತಿತ್ತು. 1926ರ ಆರಂಭದಲ್ಲಿ ಕೋಪನ್‌ಹೇಗನ್ನಿಗೆ ಬಂದಿದ್ದ ಕೇಂಬ್ರಿಜ್ಜಿನ ಎಲ್. ಎಚ್. ಥಾಮಸ್ ಅದನ್ನೂ ಪರಿಹರಿಸಿದ. ಕಕ್ಷೆಯಲ್ಲಿ ಬಾಗಿ ಓಡುವ ಎಲೆಕ್ಟ್ರಾನಿನ ದೃಷ್ಟಿ ತಾನೂ ನಿಧಾನಕ್ಕೆ ಹೊರಳುತ್ತಿರುತ್ತದೆ. ಆ ಹೊರಳಾಟವನ್ನು ಸೇರಿಸಿಕೊಂಡರೆ ಅರ್ಧ ಕಳೆದು ಲೆಕ್ಕ ತಾಳೆಯಾಗುತ್ತದೆ. ಸಾಪೇಕ್ಷತಾ ಸಿದ್ಧಾಂತವನ್ನು ಅರೆದು ಕುಡಿದವರಿಗೂ ಇದು ಬೆರಗು ತಂದಿತು. ಮಾರ್ಚ್‌ನಲ್ಲಿ ಪೌಲಿ ಬೋರ್‌ಗೆ ಶರಣಾಗತಿಯ ಪತ್ರ ಬರೆದ. ಎರಡು ವರ್ಷದ ನಂತರ ಡಿರಾಕ್ ಕ್ವಾಂಟಂ ಸಿದ್ಧಾಂತ ಮತ್ತು ಸಾಪೇಕ್ಷತೆ ಎರಡಕ್ಕೂ ಒಗ್ಗುವ ಸಮೀಕರಣ ಬರೆದಾಗ, ಗಿರಕಿಯನ್ನು ಯಾರೂ ಒಳಗೆ ತುರುಕದೆಯೇ ಅದು ತಾನಾಗಿ ಹೊರಬಂತು, ಆ ಎರಡರ ಅನುಪಾತದ ಸಮೇತ. ಬುಗುರಿಯ ಚಿತ್ರ ಮಾತ್ರ ಉಳಿಯಲಿಲ್ಲ. ಎಲೆಕ್ಟ್ರಾನಿನ ಗಿರಕಿಯನ್ನು ನಿಲ್ಲಿಸಲಾಗದು, ಜೋರು ಮಾಡಲಾಗದು, ಅದಕ್ಕೆ ತಿರುಗುವ ಮೇಲ್ಮೈಯೂ ಬೇಡ. ಆವೇಶ, ತೂಕದಂತೆ ಅದೂ ಹುಟ್ಟುಗುಣ. ಚಿತ್ರ ಕೊಡಲಾಗದು ಎಂದಿದ್ದ ಪೌಲಿ ಆ ಮಟ್ಟಿಗೆ ಸರಿ.

ಇಷ್ಟಾದರೂ ವೀಸ್‌ನ ಪ್ರಶ್ನೆ ಹಾಗೇ ಉಳಿದಿತ್ತು. ಪ್ರತಿ ಎಲೆಕ್ಟ್ರಾನೂ ಅಯಸ್ಕಾಂತ, ಒಪ್ಪೋಣ. 770 ಡಿಗ್ರಿಯ ಕುದಿತದಲ್ಲೂ ಅವನ್ನು ಒಂದೇ ದಿಕ್ಕಿಗೆ ಹಿಡಿದು ನಿಲ್ಲಿಸುವುದು ಯಾವುದು? 1928ರಲ್ಲಿ ಹೈಸನ್‌ಬರ್ಗ್ ಕೊಟ್ಟ ಉತ್ತರ ಈ ಇಡೀ ಚರಿತ್ರೆಯ ತಿರುಳು. ಒಂದೇ ದಿಕ್ಕಿನ ಗಿರಕಿಯುಳ್ಳ ಎರಡು ಎಲೆಕ್ಟ್ರಾನುಗಳು ಪೌಲಿಯ ನಿಯಮದಂತೆ ಒಂದೇ ಜಾಗದಲ್ಲಿ ಇರಲಾರವು, ದೂರ ದೂರ ಇರಲೇಬೇಕು. ಎಲೆಕ್ಟ್ರಾನುಗಳು ಒಂದೇ ಜಾತಿಯ ಆವೇಶದವು, ಪರಸ್ಪರ ದೂಡುತ್ತವೆ. ದೂರವಿದ್ದಷ್ಟೂ ಆ ಜಗಳಕ್ಕೆ ತೆರುವ ಶಕ್ತಿ ಕಡಿಮೆ. ಹೀಗಾಗಿ ಕೆಲವು ಲೋಹಗಳಲ್ಲಿ ಗಿರಕಿಗಳೆಲ್ಲ ಒಂದೇ ಕಡೆ ಮುಖ ಮಾಡುವುದೇ ಅಗ್ಗದ ಏರ್ಪಾಡು. ಸಾಲು ಕಟ್ಟಿಸುವುದು ಕಾಂತಬಲ ಅಲ್ಲವೇ ಅಲ್ಲ. ವಿದ್ಯುತ್ತಿನ ವಿಕರ್ಷಣೆ ಆ ಕೆಲಸ ಮಾಡುತ್ತದೆ, ಗಿರಕಿ ಅದರ ನೆಪ. ಪರಮಾಣುಗಳ ನಡುವಿನ ವಿದ್ಯುತ್ ಬಲ ಕಾಂತಬಲಕ್ಕಿಂತ ಸಾವಿರಾರು ಪಟ್ಟು ದೊಡ್ಡದು. ಒಂದು ಡಿಗ್ರಿಗೂ ಸಾವಿರ ಡಿಗ್ರಿಗೂ ಇದ್ದ ಕಂದಕ ಹೀಗೆ ತುಂಬಿತು. ಕಬ್ಬಿಣದಲ್ಲಿ ಎಲೆಕ್ಟ್ರಾನುಗಳು ಪರಮಾಣುವಿನಿಂದ ಪರಮಾಣುವಿಗೆ ಅಲೆಯುವುದರಿಂದ ಪೂರ್ತಿ ಲೆಕ್ಕ ಇನ್ನೂ ಜಟಿಲ. ಬ್ಲಾಕ್, ಸ್ಟೋನರ್, ಸ್ಲೇಟರ್ ಅದನ್ನು ಮುಂದುವರಿಸಿದರು. ಬುಡ ಮಾತ್ರ ಬದಲಾಗಲಿಲ್ಲ.

ಈ ಜನರ ಬದುಕು ಮುಂದೆ ಹಿಡಿದ ದಾರಿಗಳು ಬೇರೆ ಬೇರೆ. ಯಹೂದಿಯಾದ ಸ್ಟರ್ನ್ 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದ. 1943ರ ನೊಬೆಲ್ ಅವನೊಬ್ಬನಿಗೇ ಬಂತು. ಗೆರ್ಲಾಕ್ ಅಲ್ಲೇ ಉಳಿದು ಯುದ್ಧದ ಕೊನೆಯಲ್ಲಿ ಜರ್ಮನಿಯ ಪರಮಾಣು ಸಂಶೋಧನೆಯ ಮೇಲ್ವಿಚಾರಕನಾದ. 1945ರ ಮೇ ತಿಂಗಳಲ್ಲಿ ಮ್ಯೂನಿಕ್‌ನಲ್ಲಿ ಅವನನ್ನು ಸೆರೆಹಿಡಿದದ್ದು ಅಮೆರಿಕದ ಆಲ್ಸಾಸ್ ತಂಡ. ಅದರ ವೈಜ್ಞಾನಿಕ ಮುಖ್ಯಸ್ಥ ಸ್ಯಾಮ್ ಗೌಡ್‌ಸ್ಮಿಟ್. ಅವನ ತಂದೆತಾಯಿ ಆಶ್ವಿಟ್ಜ್‌ನಲ್ಲಿ ಕೊಲೆಯಾಗಿದ್ದರು. ಅವನಿಗಾಗಲಿ ಉಲೆನ್‌ಬೆಕ್‌ಗಾಗಲಿ ನೊಬೆಲ್ ಸಿಗಲಿಲ್ಲ. ಕ್ರೋನಿಗ್‌ನ ಹೆಸರು ಅಡ್ಡ ಬಂತೆಂದು ಹೇಳುವವರಿದ್ದಾರೆ. ಕಾರಣ ಏನೇ ಇರಲಿ, ಸಮಿತಿಯ ಪಟ್ಟಿಯಲ್ಲಿ ಇದು ದೊಡ್ಡ ಲೋಪ.

ಗಿರಕಿ ಪ್ರಯೋಗಾಲಯದಿಂದ ಪೇಟೆಗೆ ಬರಲು ಸುಮಾರು ಎಪ್ಪತ್ತು ವರ್ಷ ಬೇಕಾಯಿತು. ಕಬ್ಬಿಣದಂಥ ಲೋಹದಲ್ಲಿ ವಿದ್ಯುತ್ ಎರಡು ಕಾಲುವೆಗಳಾಗಿ ಹರಿಯುತ್ತದೆ, ಮೇಲ್ಮುಖ ಗಿರಕಿಯ ಎಲೆಕ್ಟ್ರಾನುಗಳದೊಂದು, ಕೆಳಮುಖದವುಗಳದೊಂದು. ಒಂದಕ್ಕೆ ಅಡ್ಡಿ ಕಡಿಮೆ, ಇನ್ನೊಂದಕ್ಕೆ ಹೆಚ್ಚು ಎಂದು ನೆವಿಲ್ ಮಾಟ್ 1936ರಲ್ಲೇ ಹೇಳಿದ್ದ. 1988ರಲ್ಲಿ ಪ್ಯಾರಿಸ್ ಬಳಿಯ ಆರ್ಸೆಯಲ್ಲಿ ಆಲ್ಬರ್ಟ್ ಫೆರ್, ಜರ್ಮನಿಯ ಯೂಲಿಕ್‌ನಲ್ಲಿ ಪೀಟರ್ ಗ್ರುಯೆನ್‌ಬರ್ಗ್, ಕಬ್ಬಿಣ ಮತ್ತು ಕ್ರೋಮಿಯಂನ ಕೆಲವೇ ಪರಮಾಣು ದಪ್ಪದ ಪದರಗಳನ್ನು ಒಂದರ ಮೇಲೊಂದು ಇಟ್ಟರು. ಪಕ್ಕದ ಕಬ್ಬಿಣದ ಪದರಗಳ ಕಾಂತತ್ವ ಎದುರುಬದುರಾಗಿದ್ದಾಗ ಎರಡೂ ಕಾಲುವೆಗೆ ಎಲ್ಲೋ ಒಂದು ಕಡೆ ಅಡ್ಡಿ; ಹೊರಗಿನ ಕಾಂತಕ್ಷೇತ್ರದಿಂದ ಎಲ್ಲವನ್ನೂ ಒಂದೇ ದಿಕ್ಕಿಗೆ ತಿರುಗಿಸಿದರೆ ಒಂದು ಕಾಲುವೆ ಸರಾಗ. ಅತಿಶೀತದಲ್ಲಿ ಫೆರ್‌ನ ಪದರಗಳ ವಿದ್ಯುತ್ ರೋಧ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. 1997ರಲ್ಲಿ ಐಬಿಎಂ ಇದೇ ತತ್ವದ ಹೆಡ್ ಇರುವ ಹಾರ್ಡ್ ಡಿಸ್ಕ್ ಮಾರುಕಟ್ಟೆಗೆ ಬಿಟ್ಟಿತು. ಡಿಸ್ಕಿನ ಮೇಲಿನ ತೀರ ಕಿರಿದಾದ ಕಾಂತೀಯ ಚುಕ್ಕಿಗಳನ್ನೂ ಓದಬಲ್ಲ ಹೆಡ್ ಅದು. ಫೆರ್ ಮತ್ತು ಗ್ರುಯೆನ್‌ಬರ್ಗ್ 2007ರ ನೊಬೆಲ್ ಹಂಚಿಕೊಂಡರು.

ಅಷ್ಟರಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಮದ್ರಾಸಿನ ಐಐಟಿಯಲ್ಲಿ ಡಾಕ್ಟರೇಟ್ ಮಾಡಿ, ಅಮೆರಿಕದ ಎಂಐಟಿ ಸೇರಿದ್ದ ಜಗದೀಶ್ ಮೂಡೇರ 1995ರಲ್ಲಿ ಎರಡು ಕಾಂತೀಯ ಲೋಹಗಳ ನಡುವೆ ವಿದ್ಯುತ್ ಹರಿಯದ ಅಲ್ಯೂಮಿನಿಯಂ ಆಕ್ಸೈಡಿನ ತೆಳು ಪದರ ಇಟ್ಟರು. ಕ್ವಾಂಟಂ ನಿಯಮದಂತೆ ಎಲೆಕ್ಟ್ರಾನುಗಳು ಆ ಗೋಡೆಯನ್ನು ತೂರಿ ಆಚೆ ಹೋಗುತ್ತವೆ. ಎಷ್ಟು ಹೋಗುತ್ತವೆ ಎಂಬುದು ಎರಡು ಬದಿಯ ಗಿರಕಿಗಳು ಹೊಂದುತ್ತವೆಯೇ ಎಂಬುದರ ಮೇಲೆ ನಿಂತಿದೆ. ಕೋಣೆಯ ಉಷ್ಣತೆಯಲ್ಲೇ ರೋಧ ಸುಮಾರು ಶೇಕಡಾ 12ರಷ್ಟು ಬದಲಾಯಿತು. ಜಪಾನಿನ ತೆರುನೊಬು ಮಿಯಾಝಾಕಿ ಕೂಡ ಅದೇ ಹೊತ್ತಿಗೆ ಇದನ್ನು ಸಾಧಿಸಿದ್ದರು. ಹಾರ್ಡ್ ಡಿಸ್ಕಿನ ಹೆಡ್ಡುಗಳು ಮುಂದಿನ ದಶಕದಲ್ಲಿ ಈ ಜಾತಿಗೆ ಬದಲಾದವು. ಕರೆಂಟು ಹೋದರೂ ಬರೆದದ್ದನ್ನು ಮರೆಯದ ಎಂರ್ಯಾಮ್ ಚಿಪ್ಪುಗಳ ಒಳಗಿರುವುದೂ ಇದೇ ಜೋಡಣೆ.